ಒಂದೇ ಕುರ್ಚಿಯ ಅಂಗಡಿ

ಅತ್ತೆ ಕಾಲುಚೀಲಕ್ಕೆ ಇಸ್ತ್ರಿ ಹಾಕಿದ ದಿನ ಮನೆಯಲ್ಲಿ ಜಗಳ ಹುಟ್ಟಿತು ಎಂದು ಆ ಮನೆಯ ಗಂಡಸು, ಅತ್ತೆಯ ಮಗ, ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವನ ಮಾತು ನಂಬಬೇಡಿ. ಜಗಳ ಹುಟ್ಟಿ ಇಪ್ಪತ್ತೆರಡು ವರ್ಷವಾಗಿತ್ತು, ಅದಕ್ಕೆ ಬಾಯಿ ಬಂದದ್ದು ಮಾತ್ರ ಆವತ್ತು. ಅಷ್ಟೂ ವರ್ಷ ಅವನು ಲಾಂಡ್ರಿಯ ವ್ಯಾನಿನಲ್ಲಿ ಕೂತು ಹೋಟೆಲುಗಳ ಮಾಸಿದ ಹಾಸಿಗೆ ಬಟ್ಟೆ ತರುತ್ತ, ಮಡಿಸಿದ್ದನ್ನು ಕೊಟ್ಟು ಬರುತ್ತ ಇದ್ದ. ಮಗಳು ಅವನಿಗೆ ಡ್ರೈವರಪ್ಪ ಎಂದು ಹೆಸರಿಟ್ಟಿದ್ದಳು. ಕೂತವನಿಗೆ ನಿಂತವರ ಜಗಳ ಎಲ್ಲಿಂದ ಗೊತ್ತಾಗಬೇಕು?

ಕೆಳಗೆ ಲಾಂಡ್ರಿ, ಮೇಲೆ ಮನೆ, ನಡುವೆ ಹದಿನೇಳು ಮೆಟ್ಟಿಲು. ಅಂಗಡಿಯ ಮುಂಭಾಗದಲ್ಲಿ ಬಟ್ಟೆ ತೆಗೆದುಕೊಳ್ಳುವ ಕಟ್ಟೆ, ಅದರ ಹಿಂದೆ ಒಂದು ಮರದ ಕುರ್ಚಿ. ಕುರ್ಚಿಯಲ್ಲಿ ಅತ್ತೆ. ಅವರ ಬೆನ್ನಿಗೆ ಸೊಂಟದೆತ್ತರದ ಎರಡು ಇಸ್ತ್ರಿ ಮೇಜುಗಳು, ಅದರಾಚೆ ನೀರು ಕಾಯಿಸುವ ಹಂಡೆಯೂ ಒಗೆಯುವ ಯಂತ್ರವೂ ಇದ್ದ ಕೋಣೆ. ಎರಡನೆಯ ಕುರ್ಚಿ ಆ ಅಂಗಡಿಯ ಹೊಸ್ತಿಲು ದಾಟಿದ್ದೇ ಇಲ್ಲ. ಇಸ್ತ್ರಿಯನ್ನು ನಿಂತೇ ಹಾಕಬೇಕು, ಕೂತರೆ ಮೈಯ ಭಾರ ಕೈಗೆ ಇಳಿಯುವುದಿಲ್ಲ, ಭಾರ ಇಳಿಯದಿದ್ದರೆ ಕಾಲರಿನ ಸುಕ್ಕು ಹೋಗುವುದಿಲ್ಲ. ಇದು ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟ ಪಾಠ. ಅದನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ, ನೋಡುವುದಕ್ಕೆ ಮೊದಲು ಕೂರಬೇಕಲ್ಲ.

ಸೊಸೆ ಬಸುರಿಯಾಗಿದ್ದಾಗ ಒಮ್ಮೆ ಮಣೆಯಾದರೂ ಕೊಡಿ ಎಂದು ಕೇಳಿದ್ದಳು. ನಿಂತರೆ ಯಾರೂ ಸಾಯಲ್ಲ ಎಂದು ಅತ್ತೆ ಹೇಳಿದ್ದರು. ನಿನ್ನ ಗಂಡನ್ನ ಹೊಟ್ಟೇಲಿಟ್ಕೊಂಡು ಒಂಬತ್ತು ತಿಂಗಳೂ ನಾನು ಇದೇ ಮೇಜಿನ ಮುಂದೆ ನಿಂತಿದ್ದೆ ಎಂದೂ ಸೇರಿಸಿದ್ದರು. ಆ ಮಾತನ್ನು ಸೊಸೆ ಮರೆಯಲಿಲ್ಲ. ಮರೆಯುವ ಜಾತಿಯ ಹೆಂಗಸೇ ಅಲ್ಲ ಅವಳು.

ಹೆರಿಗೆಯಾದ ಮೇಲೆ ಅವಳ ಎಡಗಾಲ ಮೀನಖಂಡದಲ್ಲಿ ನೀಲಿ ಗೆರೆ ಕಾಣಿಸಿತು. ಹತ್ತು ವರ್ಷದಲ್ಲಿ ಗೆರೆ ಹುರಿ ಹಗ್ಗದಷ್ಟು ದಪ್ಪವಾಗಿ ಸುತ್ತಿಕೊಂಡಿತು. ಸಂಜೆಯಾದರೆ ಪಾದ ಬೀಗುತ್ತಿತ್ತು, ಹಿಮ್ಮಡಿಯ ಮೇಲೆ ಚರ್ಮ ಕಪ್ಪಾಗಿ ತುರಿಸುತ್ತಿತ್ತು. ತುರಿಸಿ ತುರಿಸಿ ಈ ವರ್ಷ ಅಲ್ಲೊಂದು ಹುಣ್ಣಾಯಿತು. ನಾಲ್ಕು ತಿಂಗಳಾದರೂ ಮಾಯಲಿಲ್ಲ. ನಿಮ್ಮ ತವರಿನ ರಕ್ತವೇ ಅಂಥದ್ದು ಎಂದು ಅತ್ತೆ ತೀರ್ಪು ಕೊಟ್ಟು ಕೈ ತೊಳೆದುಕೊಂಡರು. ಕೊನೆಗೆ ಮೊಮ್ಮಗಳು, ಅಂದರೆ ಈ ಸೊಸೆಯ ಮಗಳು, ಪರೀಕ್ಷೆ ಮುಗಿಸಿ ಎರಡನೆಯ ಮೇಜಿಗೆ ಬಂದು ನಿಂತಿದ್ದವಳು, ತಾನೇ ಡಾಕ್ಟರ ಹತ್ತಿರ ಹೆಸರು ಬರೆಸಿ ಬಂದಳು.

ಅಲ್ಲಿಗೆ ಹೋಗುವ ಹಿಂದಿನ ಸಂಜೆ ಊಟಕ್ಕೆ ಕೂತಾಗ ಅವಳು ಅಂಗಡಿಯ ನಂಬರಿನ ಚೀಟಿಗಳ ಬೆನ್ನಿಗೆ ಪ್ರಶ್ನೆಗಳನ್ನು ಬರೆದುಕೊಂಡಳು. ಡಾಕ್ಟರ ಮುಂದೆ ಅಮ್ಮನ ಬಾಯಿಗೆ ಬೀಗ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಆಪರೇಷನ್ ಬೇಕೇ ಬೇಕಾ? ಎಷ್ಟು ದಿನ ಮಲಗಬೇಕು? ಗುಣವಾದ ಮೇಲೆ ಮತ್ತೆ ಬರುತ್ತದಾ? ಡ್ರೈವರಪ್ಪನೂ ಬ್ರೆಡ್ಡನ್ನು ಬೇಳೆಯಲ್ಲಿ ಅದ್ದುತ್ತ ಒಂದು ಸೇರಿಸಿದ: ನರ ಮುಚ್ಚಿಬಿಟ್ಟರೆ ರಕ್ತ ಎಲ್ಲಿಗೆ ಹೋಗುತ್ತದಂತೆ? ಅತ್ತೆ ತಟ್ಟೆಯಿಂದ ತಲೆ ಎತ್ತದೆ ಹೇಳಿದರು.

"ಒಡೆದು ರಕ್ತ ಬಂದ್ರೆ ಏನ್ ಮಾಡ್ಬೇಕಂತ ಕೇಳು. ಸುಮ್ನೆ, ತಿಳ್ಕೊಂಡಿರೋಣ ಅಂತ."

ಸೊಸೆ ಪಾತ್ರೆ ತೊಳೆಯುವಾಗ ಮಗಳಿಗೆ ಪಿಸುಗುಟ್ಟಿದಳು, ನೋಡಿದ್ಯಾ, ನನ್ನ ನರ ಯಾವಾಗ ಒಡೆಯುತ್ತೋ ಅಂತ ಕಾಯ್ತಿದಾರೆ.

ಡಾಕ್ಟರಮ್ಮ ಸಾವಧಾನದ ಹೆಂಗಸು. ಕಾಲಿಗೆ ತಣ್ಣನೆಯ ಅಂಟು ಸವರಿ ಸ್ಕ್ಯಾನ್ ಮಾಡಿದರು, ಪಾದದ ನಾಡಿ ಹಿಡಿದು ನೋಡಿದರು. ಕಾಲಿಗೆ ಇಳಿಯುವ ರಕ್ತ ಚೆನ್ನಾಗಿದೆ, ಮೇಲೆ ಹತ್ತುವುದರಲ್ಲೇ ತೊಂದರೆ ಎಂದರು. ನರದೊಳಗೆ ಪುಟ್ಟ ಪುಟ್ಟ ಕದಗಳಿವೆ. ಮೇಲೆ ಹೋದ ರಕ್ತ ಕೆಳಗೆ ಜಾರದ ಹಾಗೆ ಮುಚ್ಚಿಕೊಳ್ಳುವುದು ಅವುಗಳ ಕೆಲಸ. ನಿಮ್ಮವು ಸಡಿಲವಾಗಿವೆ. ಮನೆತನದಿಂದಲೂ ಬರಬಹುದು, ಬಸಿರಿನಿಂದಲೂ ಬರಬಹುದು, ನಿಂತೇ ಇದ್ದರೆ ಹೆಚ್ಚಾಗುತ್ತದೆ. ಸೂಜಿಯಷ್ಟು ತೂತಿನಿಂದ ತಂತಿ ಹಾಕಿ ಲೇಸರಿನಲ್ಲಿ ಆ ನರವನ್ನು ಮುಚ್ಚುತ್ತೇವೆ, ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದು. ರಕ್ತ ಒಳಗಿನ ಬೇರೆ ನರಗಳಲ್ಲಿ ಹೋಗುತ್ತದೆ, ಆ ಪ್ರಶ್ನೆ ಕೇಳಿದ ನಿಮ್ಮ ಮನೆಯವರಿಗೆ ಚಿಂತೆ ಬೇಡವೆಂದು ಹೇಳಿ. ಮುಂದೆ ಬೇರೆ ನರ ಉಬ್ಬುವುದಿಲ್ಲವೆಂದು ಮಾತು ಕೊಡಲಾರೆ. ಒಡೆದು ರಕ್ತ ಬಂದರೆ ಹೆದರಬೇಡಿ, ತಕ್ಷಣ ಮಲಗಿಸಿ, ಕಾಲನ್ನು ಎದೆಗಿಂತ ಮೇಲೆತ್ತಿ, ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ತನ್ನಿ. ಮೊಮ್ಮಗಳು ಎಲ್ಲವನ್ನೂ ಚೀಟಿಗಳ ಮೇಲೆ ಗೀಚಿಕೊಂಡಳು.

ಲೇಸರಿಗೆ ಐದು ವಾರದಾಚೆಯ ದಿನ ಸಿಕ್ಕಿತು. ಅಲ್ಲಿಯವರೆಗೆ ಹುಣ್ಣಿಗೆ ಪಟ್ಟಿ, ಅದರ ಮೇಲೆ ಬಿಗಿಯಾದ ಉದ್ದ ಕಾಲುಚೀಲ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ಹಾಕಿಕೊಳ್ಳಬೇಕು, ದಿನವೂ ನಡೆಯಬೇಕು, ಬಿಡುವಾದಾಗ ಕಾಲು ಮೇಲಿಟ್ಟು ಮಲಗಬೇಕು.

"ನಿಲ್ಲೋ ಕೆಲಸ ಬಿಡಿ," ಎಂದರು ಡಾಕ್ಟರಮ್ಮ. "ಹೀಗೇ ನಿಂತಿದ್ರೆ ಈ ಹುಣ್ಣು ಮುಚ್ಚಲ್ಲ. ಮುಚ್ಚಿದ್ರೂ ಮತ್ತೆ ಬಾಯಿ ಬಿಡತ್ತೆ."

ಆದರೂ ಅವಳು ಮೇಜಿನ ಮುಂದೆ ನಿಲ್ಲುವುದು ತಪ್ಪಲಿಲ್ಲ. ನಾಲ್ಕನೆಯ ದಿನ ಸೊಸೆ ಕಾಲುಚೀಲವನ್ನು ಒಗೆಯಲೆಂದು ತೆಗೆದಿಟ್ಟು ಸ್ನಾನಕ್ಕೆ ಹೋದಳು. ಬರುವಷ್ಟರಲ್ಲಿ ಅದು ಮಾಯ. ಮಧ್ಯಾಹ್ನ ಮೇಜಿನ ಮೇಲೆ ಸಿಕ್ಕಿತು. ಹಂಡೆಯ ಕುದಿನೀರಲ್ಲಿ ಬೆಂದು, ಗಂಜಿ ಕುಡಿದು, ನಡುವೆ ಚಾಕುವಿನಂಥ ಗೆರೆ ಬಿದ್ದು, ನಾಲ್ಕು ಮಡಿಕೆಯಾಗಿ. ಅವಳು ಎರಡು ಕೈಯಲ್ಲೂ ಹಿಡಿದು ಎಳೆದಳು. ಎಳೆದದ್ದು ಎಳೆದ ಹಾಗೇ ನಿಂತಿತು, ವಾಪಸು ಬರಲಿಲ್ಲ.

"ಇದಕ್ಕೆ ಇಸ್ತ್ರಿ ಹಾಕಿದ್ಯಾರು?"

"ನಾನೇ," ಎಂದರು ಅತ್ತೆ ಕುರ್ಚಿಯಿಂದ. "ಲಾಂಡ್ರಿಯವರ ಮನೆ ಬಟ್ಟೆ ಮುದುರಿಕೊಂಡಿದ್ರೆ ಗಿರಾಕಿ ಏನಂದ್ಕೋತಾರೆ?"

"ನನ್ನ ಕಾಲು ಕೊಳೀಲಿ ಅಂತ ಮಾಡಿದ್ರಿ."

"ಕಾಲುಚೀಲ ಹಾಳಾದ್ರೆ ಕಾಲು ಕೊಳೆಯತ್ತೇನೇ? ಒಳ್ಳೆ ಕಥೆ."

ಸೊಸೆಯ ಸಿಟ್ಟು ಕೂಗಾಡುವ ಸಿಟ್ಟಲ್ಲ, ಹಂಡೆಯ ತಳದಲ್ಲಿ ಕಾದ ನೀರಿನ ಸಿಟ್ಟು. ಮಾರನೆಯ ಬೆಳಿಗ್ಗೆ ಹೊಸ ಕಾಲುಚೀಲ ಏರಿಸಿ, ಎಲ್ಲರಿಗಿಂತ ಮೊದಲು ಹದಿನೇಳು ಮೆಟ್ಟಿಲಿಳಿದು, ಬಾಗಿಲು ತೆಗೆದು, ಕಟ್ಟೆಯ ಹಿಂದಿನ ಕುರ್ಚಿಯಲ್ಲಿ ಕೂತಳು. ಮದುವೆಯಾಗಿ ಬಂದಮೇಲೆ ಅದರಲ್ಲಿ ಕೂತದ್ದು ಅದೇ ಮೊದಲು. ಅದು ಅಷ್ಟೇನೂ ಮೆತ್ತಗಿರಲಿಲ್ಲ.

ಅತ್ತೆ ಬಂದು ಏಳು ಎಂದರು.

"ಡಾಕ್ಟರು ನಿಲ್ಲಬೇಡಿ ಅಂದಿದಾರೆ."

"ಹಾಗಾದ್ರೆ ಮೇಲೆ ಹೋಗಿ ಬಿದ್ಕೋ."

"ನಾನ್ಯಾಕೆ ಬಿದ್ಕೊಳ್ಳಲಿ? ಬಟ್ಟೆ ಎಣಿಸ್ತೀನಿ, ಚೀಟಿ ಕಟ್ತೀನಿ. ನಿಮಗೆ ವಯಸ್ಸಾಯ್ತು, ಬೇಕಾದ್ರೆ ನೀವೇ ಮೇಲೆ ಹೋಗಿ."

ಅತ್ತೆಗೆ ಎಪ್ಪತ್ತು. ಮೇಲೆ ಹೋಗಿ ಕೂರುವುದೆಂದರೆ ಅವರ ಲೆಕ್ಕದಲ್ಲಿ ಅಂಗಡಿಯನ್ನು ಧಾರೆ ಎರೆದು ಕೊಟ್ಟ ಹಾಗೆ. ಅವರು ಕಟ್ಟೆಯ ಪಕ್ಕದಲ್ಲೇ ನಿಂತರು, ಮಧ್ಯಾಹ್ನ ಊಟಕ್ಕೆ ಹತ್ತುವವರೆಗೂ ನಿಂತರು. ಮೊಮ್ಮಗಳಿಗೆ ನೋಡಲಾಗದೆ ಮೇಲಿಂದ ಒಂದು ಸ್ಟೂಲು ತಂದಿಟ್ಟಳು. ಸೊಸೆ ಅದನ್ನು ಗಂಡನ ಕೈಲಿ ಕೊಟ್ಟು, ಕಾಲು ಅಲ್ಲಾಡುತ್ತಿದೆ, ಬಡಗಿಯ ಹತ್ತಿರ ಬಿಟ್ಟು ಬನ್ನಿ ಎಂದು ವ್ಯಾನು ಹತ್ತಿಸಿದಳು. ಅದು ಅಲ್ಲಾಡುತ್ತಿರಲಿಲ್ಲ.

"ಅಜ್ಜಿ ಕೂರೋದು ಬೇಡ್ವಾ?" ಎಂದಳು ಮಗಳು.

"ಅಂಗಡೀಲಿ ಒಂದೇ ಕುರ್ಚಿ ಇರ್ಬೇಕು. ಕಾನೂನು ನಂದಲ್ಲ. ನಿಂತ್ರೆ ಯಾರೂ ಸಾಯಲ್ಲ."

ಅತ್ತೆಗೆ ಕೇಳಲೆಂದೇ ಹೇಳಿದ ಮಾತು. ಅತ್ತೆ ಕೇಳಿಸಿಕೊಂಡರು. ಬೇರೆಯವರ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳದ ಹೆಂಗಸಿಗೆ ತನ್ನದೇ ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಹಾಗೆ ಒಂದು ವಾರ, ಎರಡು ವಾರ. ಸೊಸೆ ಕುರ್ಚಿಯಲ್ಲಿ ಕೂತು ಬಟ್ಟೆಯ ಗಂಟಿನ ಮೇಲೆ ಕಾಲು ಚಾಚಿ ಚೀಟಿ ಬರೆಯುತ್ತಿದ್ದಳು. ಗಂಟೆಗೊಮ್ಮೆ ಎದ್ದು ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದಳು. ಆ ಹೊತ್ತಿನಲ್ಲೂ ಅತ್ತೆ ಕುರ್ಚಿ ಮುಟ್ಟುತ್ತಿರಲಿಲ್ಲ. ಕಸಿದುಕೊಂಡ ಕುರ್ಚಿಯನ್ನು ಕದ್ದು ಕೂರುವಷ್ಟು ಅವರು ಸೋತಿರಲಿಲ್ಲ. ಊಟದ ಹೊತ್ತಿಗೆ ಸೊಸೆ ಮೂರು ದಿಂಬಿನ ಮೇಲೆ ಕಾಲಿಟ್ಟು ಮಲಗಿರುತ್ತಿದ್ದಳು, ಅತ್ತೆಯೇ ಬೇಳೆ ಬೇಯಿಸಿ, ಮೊಟ್ಟೆ ಒಡೆದು ಹಾಕಿ, ತಟ್ಟೆ ತಂದು ಕೊಡಬೇಕಿತ್ತು. ಉಪ್ಪು ಕಡಿಮೆ ಎಂದು ಸೊಸೆ ದಿನವೂ ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳು ಕೇಳಿದ ಮಾತು ಅದು, ಹೇಳುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಡ್ರೈವರಪ್ಪನಿಗೆ ಅತ್ತ ದರಿ, ಇತ್ತ ಪುಲಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಒಂದು ದಿನ ನಗಲು ಹೋದ. ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಅವನು ಚಹಾ ಅರ್ಧಕ್ಕೇ ಬಿಟ್ಟು, ವ್ಯಾನಿಗೆ ಗಾಳಿ ತುಂಬಿಸಬೇಕೆಂದು ಇಳಿದು ಹೋದ.

ಹುಣ್ಣು ಚಿಕ್ಕದಾಗುತ್ತ ಬಂತು. ಪಟ್ಟಿ ಬದಲಿಸುವಾಗಲೆಲ್ಲ ಸೊಸೆ ಅದನ್ನು ಬೆರಳಿನಿಂದ ಅಳೆದು ಹಿಗ್ಗುತ್ತಿದ್ದಳು. ಕೆಳಗೆ ಅತ್ತೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವುದನ್ನು, ಕಟ್ಟೆಗೆ ಮೊಣಕೈ ಊರುವುದನ್ನು ನೋಡಿ ಅದಕ್ಕಿಂತ ಹೆಚ್ಚು ಹಿಗ್ಗುತ್ತಿದ್ದಳು. ಇದನ್ನು ಮುಚ್ಚಿಡುವುದೇನು, ಅವಳಿಗೆ ಅವು ಒಳ್ಳೆಯ ದಿನಗಳು. ಎರಡು ಮೇಜಿನ ಇಸ್ತ್ರಿಯೂ ಈಗ ಮಗಳ ಪಾಲಿಗೆ ಬಂದಿತ್ತು. ಹೋಟೆಲಿನ ಹಾಸಿಗೆ ಬಟ್ಟೆ, ಆಸ್ಪತ್ರೆಯ ಬಿಳಿ ಕೋಟು, ಅಂಗಿ, ಪ್ಯಾಂಟು. ನಿನ್ನ ಕೈ ಬಲು ಚುರುಕು ಕಣೇ ಎಂದು ಅಮ್ಮ ಕುರ್ಚಿಯಿಂದ ಹೊಗಳುತ್ತಿದ್ದಳು. ಮಗಳು ಮುಂದಿನ ಅಂಗಿ ಎಳೆದುಕೊಳ್ಳುತ್ತಿದ್ದಳು.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಮೇಷ್ಟರೊಬ್ಬರು ಕೋಟು ತೆಗೆದುಕೊಳ್ಳಲು ಬಂದಿದ್ದರು. ಚೀಟಿ ಕೊಟ್ಟವರು ಹಾಗೇ ನೆಲ ನೋಡುತ್ತ ನಿಂತರು. ಯಾರಿಗೋ ಪೆಟ್ಟಾಗಿದೆ ಅಂದರು. ಅತ್ತೆಯ ನೆಲ ಮುಟ್ಟುವ ಉಡುಗೆಯ ಅಂಚಿನಿಂದ ರಕ್ತ ಹರಿದು ಕಟ್ಟೆಯ ಬುಡಕ್ಕೆ ಬಂದಿತ್ತು. ಅತ್ತೆಗೆ ನೋವಿರಲಿಲ್ಲ, ಬಿಸಿನೀರು ಚೆಲ್ಲಿದೆಯೆಂದುಕೊಂಡು ಕೆಳಗೆ ನೋಡಿದರು. ಆಮೇಲೆ ಅವರ ಮುಖ ಬಿಳುಚಿತು.

ಸೊಸೆ ಕುರ್ಚಿಯಿಂದ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಅತ್ತೆಯ ಕಂಕುಳಿಗೆ ಕೈ ಹಾಕಿ ನೆಲಕ್ಕೆ ಮಲಗಿಸಿದಳು, ಉಡುಗೆ ಮೇಲೆ ಸರಿಸಿದಳು. ಎರಡೂ ಕಾಲಿಗೆ ಮೊಣಕಾಲಿನ ತನಕ ಹಳೆಯ ಹಾಸಿಗೆ ಬಟ್ಟೆಯ ಪಟ್ಟಿಗಳು, ಲಾಂಡ್ರಿಯವರು ಮಾತ್ರ ಸುತ್ತಬಲ್ಲಷ್ಟು ಸಮನಾಗಿ ಸುತ್ತಿದ್ದವು. ಬಿಚ್ಚಿದರೆ ಒಳಗೆ ಅವಳದೇ ಕಾಲು. ಅದೇ ಹುರಿ, ಅದೇ ಕಪ್ಪು ಚರ್ಮ, ಮಾಯ್ದ ಹುಣ್ಣುಗಳ ಮೂರು ನಾಲ್ಕು ಗುರುತು. ಹಿಮ್ಮಡಿಯ ಮೇಲೆ ಸೂಜಿಮೊನೆಯಷ್ಟು ಜಾಗದಿಂದ ರಕ್ತ ಚಿಮ್ಮುತ್ತಿತ್ತು. ಅವಳು ಒಂದು ಬಿಳಿ ದಿಂಬುಚೀಲ ಎಳೆದು ಮಡಿಸಿ ಒತ್ತಿದಳು, ಕಾಲನ್ನೆತ್ತಿ ತನ್ನ ಹೆಗಲ ಮೇಲಿಟ್ಟುಕೊಂಡಳು. ಮಗಳು ಅಪ್ಪನಿಗೆ ಫೋನು ಮಾಡಲು ಓಡಿದಳು, ಮೇಷ್ಟರು ಕೋಟು ಬಿಟ್ಟು ಹೊರಗೆ ಹೋಗಿ ನಿಂತರು.

ಒತ್ತಿದ ಕಡೆ ರಕ್ತ ನಿಂತಿತು. ವ್ಯಾನು ಬರಲು ಕಾಲು ಗಂಟೆ ಬೇಕಿತ್ತು. ಸೊಸೆಗೆ ಆ ಕಾಲನ್ನು ಬಿಡುವ ಹಾಗಿರಲಿಲ್ಲ, ಅತ್ತೆಗೆ ಎದ್ದು ಹೋಗುವ ಹಾಗಿರಲಿಲ್ಲ. ಮಾತಾಡದೆ ಬೇರೆ ದಾರಿ ಇರಲಿಲ್ಲ.

"ಎಷ್ಟು ವರ್ಷದಿಂದ?"

"ನಿನ್ನ ಮದುವೆಗೆ ಮುಂಚಿಂದ."

"ಅದಕ್ಕೇ ಕುರ್ಚಿ ಹಿಡಿದ್ರಾ?"

"ಸೊಸೆ ಬಂದ್ಳಲ್ಲ. ಕೂತೆ."

"ಗೊತ್ತಿದ್ದೂ ನನ್ನ ನಿಲ್ಲಿಸಿದ್ರಿ. ಗೊತ್ತಿದ್ದೂ ಕಾಲುಚೀಲ ಸುಟ್ರಿ."

ಅತ್ತೆ ಮಲಗಿದಲ್ಲಿಂದಲೇ ಹೇಳಿದರು.

"ಕಾಲುಚೀಲ ಗೊತ್ತಿಲ್ದೆ ಮಾಡಿದ್ದು. ಬೆಳಿಗ್ಗೆಯೆಲ್ಲ ಇಪ್ಪತ್ತು ಅಂಗಿಗೆ ಇಸ್ತ್ರಿ ಹಾಕಿದ್ದೆ ನೀನು, ನಿನ್ನದೊಂದಕ್ಕಾದ್ರೂ ನಾನು ಹಾಕಿಕೊಡೋಣ ಅನ್ನಿಸ್ತು." ಉಸಿರೆಳೆದುಕೊಂಡು ಮುಗಿಸಿದರು. "ನಿಲ್ಲಿಸಿದ್ದು ಗೊತ್ತಿದ್ದೇ ಮಾಡಿದ್ದು."

"ಯಾಕೆ?"

"ನನ್ನ ನಮ್ಮತ್ತೆ ನಿಲ್ಲಿಸಿದ್ಲು. ಅವಳು ಸತ್ತುಹೋದ್ಲು. ನಾನ್ಯಾರ ಮೇಲೆ ತೀರಿಸ್ಕೊಳ್ಳಲಿ?"

"ನನಗೆ ನೀವಿದೀರಲ್ಲ," ಎಂದಳು ಸೊಸೆ. ಹೆಗಲ ಮೇಲಿನ ಕಾಲನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದಳು. ಅದು ಉಪಚಾರವೋ ಸಿಟ್ಟೋ ಎಂದು ಕೇಳಿದರೆ ಅವಳಿಂದಲೂ ಹೇಳಲಾಗುತ್ತಿರಲಿಲ್ಲ.

ಮಗಳು ಫೋನು ಹಿಡಿದುಕೊಂಡೇ ಮೇಜಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಮ್ಮ, ನಾಲ್ಕು ವಾರದಿಂದ ಅಜ್ಜಿ ನಿಂತಿದ್ದನ್ನ ಎಣಿಸ್ತಾ ಕೂತಿದೀಯ. ನಾನು ಎಷ್ಟು ಗಂಟೆ ನಿಂತೆ, ಹೇಳು ನೋಡೋಣ?"

ಸೊಸೆ ತಿರುಗಿ ಮಗಳ ಕಾಲು ನೋಡಿದಳು. ಅಷ್ಟರಲ್ಲಿ ಬೀದಿಯಲ್ಲಿ ವ್ಯಾನಿನ ಹಾರನ್ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅತ್ತೆಯ ಕಾಲಿಗೆ ಬಿಗಿಪಟ್ಟಿ ಸುತ್ತಿ, ಸ್ಕ್ಯಾನ್ ಮಾಡಿ, ಮೂವತ್ತು ವರ್ಷ ಮುಚ್ಚಿಟ್ಟಿದ್ದಕ್ಕೆ ಒಂದೇ ಉಸಿರಿಗೆ ಬೈದರು. ಒತ್ತಿ ಹಿಡಿದವರು ಯಾರು, ಸರಿಯಾಗಿ ಹಿಡಿದಿದ್ದಾರೆ ಎಂದೂ ಕೇಳಿದರು. ಅತ್ತೆಯ ಕಾಲಿಗೆ ಕಾಯುವ ಹಾಗಿರಲಿಲ್ಲ, ಆದ್ದರಿಂದ ಸೊಸೆಗೆ ಸಿಕ್ಕಿದ್ದ ದಿನವನ್ನು ಅತ್ತೆಗೆ ಕೊಟ್ಟು ಸೊಸೆಯದನ್ನು ಹತ್ತು ದಿನ ಮುಂದೆ ಹಾಕಿದರು. ಇಲ್ಲೂ ನನ್ನ ಸರದಿ ಅವರಿಗೇ ಹೋಯಿತು ಎಂದು ಸೊಸೆ ವ್ಯಾನಿನಲ್ಲಿ ಗೊಣಗಿದಳು. ಡ್ರೈವರಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಅಮ್ಮನ ಕಾಲು ಹೆಂಡತಿಯ ತೊಡೆಯ ಮೇಲಿತ್ತು. ಅವನು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದ. ಇಷ್ಟು ವರ್ಷದಲ್ಲಿ ಅವನು ಮಾಡಿದ ಒಂದೇ ಜಾಣತನ ಅದು.

ಮಾರನೆಯ ದಿನ ಮಗಳು ಕೆಳಗೆ ಬಂದಳು, ಆದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ.

"ನಿಂತು ಹಾಕಲ್ಲ," ಎಂದಳು. "ಕೂರೋ ಹಾಗಿದ್ರೆ ಹಾಕ್ತೀನಿ. ಇಲ್ಲಾಂದ್ರೆ ಬೇರೆ ಕೆಲಸ ಹುಡುಕ್ಕೋತೀನಿ."

ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ, ಕೂತರೆ ಭಾರ ಇಳಿಯಲ್ಲ, ಗಿರಾಕಿ ಬಟ್ಟೆ ಮುಖಕ್ಕೆ ಎಸೀತಾರೆ ಎಂದರು. ಸೊಸೆ ಗಂಡನನ್ನು ಕರೆದು ಬಡಗಿಯ ಹತ್ತಿರ ಹೋಗಿ ಗರಗಸ ತನ್ನಿ ಎಂದಳು. ಏನಕ್ಕೆ ಎಂದು ಅವನು ಕೇಳಿದ. ಮೇಜಿನ ಕಾಲು ಕತ್ತರಿಸಕ್ಕೆ ಎಂದಳು.

"ನಮ್ಮತ್ತೆ ಮಾಡಿಸಿದ ಮೇಜು ಅದು," ಎಂದು ಅತ್ತೆ ಕುರ್ಚಿಯಿಂದ ಏಳಹೋದರು.

"ಕೂತ್ಕೊಳ್ಳಿ. ನಿಮಗೆ ನಿಲ್ಲೋ ಹಾಗಿಲ್ಲ," ಎಂದಳು ಸೊಸೆ. "ಕೂತು ಹಾಕಿದ ಅಂಗೀಲಿ ಒಂದೇ ಒಂದು ಸುಕ್ಕು ತೋರಿಸಿ. ನಾಳೆಯಿಂದ ನಾನೇ ಮತ್ತೆ ನಿಲ್ತೀನಿ. ಲೇಸರೂ ಬೇಡ, ಡಾಕ್ಟರೂ ಬೇಡ."

ಅಮ್ಮ, ಹಾಗನ್ನಬೇಡ ಎಂದಳು ಮಗಳು. ಅವಳು ಕೇಳಲಿಲ್ಲ. ಹುಣ್ಣು ಇನ್ನೂ ಕಡಲೆಕಾಳಿನಷ್ಟು ಉಳಿದಿತ್ತು, ಸೋತರೆ ಅದು ಮತ್ತೆ ಬಾಯಿ ಬಿಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಮುದುಕಿಯ ಎದುರು ಗೆಲ್ಲದೆ ಅವಳಿಗೆ ಕಾಲು ವಾಸಿಯಾದರೂ ವಾಸಿಯಾದಂತಲ್ಲ.

ಡ್ರೈವರಪ್ಪ ಬೆವರು ಸುರಿಸಿ ಒಂದು ಮೇಜಿನ ನಾಲ್ಕು ಕಾಲನ್ನೂ ಕತ್ತರಿಸಿದ. ಬಡಗಿಯ ಹತ್ತಿರವಿದ್ದ ಸ್ಟೂಲೂ ಬಂತು. ಅಂಗಿಯನ್ನು ಅತ್ತೆಯೇ ಆರಿಸಿದರು. ಆ ಬೀದಿಯಲ್ಲೇ ಅತ್ಯಂತ ತಕರಾರಿನ ವಕೀಲರ ದಪ್ಪ ಬಿಳಿ ಹತ್ತಿ ಅಂಗಿ, ಗಂಜಿ ಹಾಕಿ ಗರಿಗರಿಯಾಗಿ ಒಣಗಿದ್ದು. ಮಗಳು ಸ್ಟೂಲಿನ ಮೇಲೆ ಕೂತು ನೀರು ಚಿಮುಕಿಸಿದಳು. ಮೊದಲು ಕಾಲರು, ಆಮೇಲೆ ಹೆಗಲಪಟ್ಟಿ, ಕೈಪಟ್ಟಿ, ತೋಳು, ಕೊನೆಗೆ ಮುಂಭಾಗ ಮತ್ತು ಬೆನ್ನು. ಹಬೆಯಾಡುವ ಪೆಟ್ಟಿಗೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಮಡಿಸದೆ ಹಾಗೇ ಎತ್ತಿ ಅಜ್ಜಿಯ ತೊಡೆಯ ಮೇಲೆ ಹಾಸಿದಳು.

ಅತ್ತೆ ಕನ್ನಡಕ ಹಾಕಿಕೊಂಡರು. ಕಾಲರನ್ನು ಬೆಳಕಿಗೆ ಹಿಡಿದರು, ತಿರುಗಿಸಿ ಒಳಮೈ ನೋಡಿದರು. ಕೈಪಟ್ಟಿಯ ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿದರು. ಗುಂಡಿಗಳ ನಡುವೆ ಒಂದೊಂದಾಗಿ ಬೆರಳಾಡಿಸಿದರು. ಬೆನ್ನು ಹಾಸಿದರು, ತೋಳು ಮಗುಚಿದರು, ಮತ್ತೆ ಕಾಲರಿಗೆ ಬಂದರು.

ಸೊಸೆ ಕಟ್ಟೆಗೆ ಒರಗಿ ಅವರ ಮುಖವನ್ನೇ ನೋಡುತ್ತಿದ್ದಳು. ಈ ಮುಖ ಹೀಗಾಗುವುದನ್ನು ನೋಡಲೆಂದು ಅವಳು ಇಪ್ಪತ್ತೆರಡು ವರ್ಷ ಕಾದಿದ್ದಳು, ಈಗ ರೆಪ್ಪೆ ಮುಚ್ಚಿದರೂ ನಷ್ಟವೆಂಬಂತೆ ನೋಡಿದಳು. ಸಾಕು ಬಿಡು ಅಮ್ಮ ಎಂದು ಡ್ರೈವರಪ್ಪ ಹೇಳಿದ. ಅತ್ತೆಗೆ ಕೇಳಿಸಲಿಲ್ಲ. ಕನ್ನಡಕ ತೆಗೆದು ಒರೆಸಿ, ಅಂಗಿಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು, ಮೊದಲಿನಿಂದ ಹುಡುಕಲು ಶುರುಮಾಡಿದರು.

"ಇರ್ಬೇಕು," ಎಂದರು. "ಒಂದಾದ್ರೂ ಇರ್ಲೇಬೇಕು."